ಬುತ್ತಿಗೆ ನಲವತ್ತೊಂಬತ್ತು ರೂಪಾಯಿ

ನಾನು ಮಾಡುವ ಕೆಲಸ ಏನೆಂದು ಜೇವರ್ಗಿಯಲ್ಲಿ ಯಾರಿಗಾದರೂ ತಿಳಿಸಿ ಹೇಳುವುದು ಕಷ್ಟ. ಮೊಬೈಲ್ ಆಟ ತಯಾರಿಸುವ ಒಂದು ಕಂಪನಿಗೆ ಮನೆಯಲ್ಲೇ ಕೂತು ಕನ್ನಡ ಬರೆದುಕೊಡುತ್ತೇನೆ. ನಾವು ಬಾಡಿಗೆಗಿರುವ ಮನೆಯ ಮಾಲಕರ ಹೆಂಡತಿ ಇದನ್ನು ಕೇಳಿ, "ಅಂದ್ರ ದಿನಾ ಮೊಬೈಲ್ ಆಡಾಕ ಪಗಾರ ಕೊಡ್ತಾರೇನ್ರಿ?" ಎಂದಿದ್ದರು. ಹೌದು ಎಂದುಬಿಟ್ಟೆ. ಬಿಡಿಸಿ ಹೇಳಿದ್ದರೆ ಅವರಿಗೆ ನನ್ನ ಮೇಲಿದ್ದ ಹೊಟ್ಟೆಕಿಚ್ಚು ಹೋಗಿ ಕನಿಕರ ಬರುತ್ತಿತ್ತು.

ಆಟ ಒಕ್ಕಲುತನದ್ದು. ಆಡುವವರಿಗೆಲ್ಲ ಫೋನಿನೊಳಗೆ ಒಂದು ತುಂಡು ಹೊಲ ಪುಕ್ಕಟೆ ಕೊಡುತ್ತೇವೆ. ಅವರು ಬಿತ್ತುತ್ತಾರೆ, ನೀರು ಬಿಡುತ್ತಾರೆ, ರಾಶಿ ಮಾಡುತ್ತಾರೆ. ಪುಕ್ಕಟೆ ಕೊಟ್ಟು ಕಂಪನಿ ಬದುಕುವುದು ಹೇಗೆ ಎಂದು ನಾನೂ ಮೊದಲು ತಲೆ ಕೆರೆದುಕೊಂಡಿದ್ದೆ. ಗುಟ್ಟು ಇಷ್ಟೇ: ಬಹಳ ಮಂದಿ ಸುಮ್ಮನೆ ಆಡುತ್ತಾರೆ, ಬೆರಳೆಣಿಕೆಯ ಮಂದಿಗೆ ಮಾತ್ರ ಬೆಳೆ ಬರುವ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಅವರು ದುಡ್ಡು ಕೊಟ್ಟು ಬೇಗ ಬೆಳೆಸಿಕೊಳ್ಳುತ್ತಾರೆ. ಆ ನಾಲ್ಕು ಮಂದಿಯ ಅವಸರದ ಮೇಲೆ ಇಡೀ ಕಂಪನಿ ನಿಂತಿದೆ, ನನ್ನ ಪಗಾರವೂ ನಿಂತಿದೆ.

ನಾನು ಸೇರಿದಾಗ ಕನ್ನಡದವರ ಹೊಲದಲ್ಲಿ ತೆಂಗು, ಅಡಿಕೆ ಬೆಳೆಯುತ್ತಿದ್ದವು. ನಮ್ಮ ಮ್ಯಾನೇಜರ್ ಮರಾಠಿ ಹುಡುಗ, ನನ್ನ ಜತೆ ಮಾತೆಲ್ಲ ಹಿಂದಿಯಲ್ಲಿ. ಒಳ್ಳೆಯವನೇ, ಆದರೆ ಕರ್ನಾಟಕದ ಉದ್ದಗಲಕ್ಕೂ ಒಂದೇ ತೋಟ ಎಂದು ನಂಬಿದ್ದ. "ನಮ್ಮ ಕಡೆ ಅಡಿಕೆ ಪಾನ್ ಅಂಗಡಿಯಲ್ಲಿ ಬೆಳೆಯುತ್ತದೆ" ಎಂದೆ. ನಕ್ಕ, ಆದರೆ ಮಾತು ಕೇಳಿದ. ಕರಿಮಣ್ಣು ಹಾಕಿಸಿ, ತೊಗರಿ, ಬಿಳಿಜೋಳ, ಹತ್ತಿ ತರಿಸಿದೆ. ಬದುವಿಗೆ ಒಂದು ಬೇವಿನ ಗಿಡ ನೆಡಿಸಿದೆ. ಕೆಲವು ತಿಂಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆ ಆಡುವವರು ಹೆಚ್ಚಾದರು. ಗೊಬ್ಬೂರದಿಂದ ಒಬ್ಬರು, ತೊಗರಿಗೆ ಹೂವು ಬರುವ ಹೊತ್ತು ನೀವು ತಪ್ಪು ತೋರಿಸಿದ್ದೀರಿ ಎಂದು ಉದ್ದ ಕಾಗದವನ್ನೇ ಬರೆದು ಕಳಿಸಿದರು.

ಅವ್ವನ ಫೋನಿಗೆ ಆಟ ಹಾಕಿಕೊಟ್ಟವಳು ನಾನೇ. ದೊಡ್ಡ ಅಕ್ಷರ ಓದಲು ಆಗುತ್ತದೋ ಇಲ್ಲವೋ ನೋಡೋಣ ಎಂದು. ಅವ್ವ ನೆಲೋಗಿ ಹತ್ತಿರದ ನಮ್ಮೂರಲ್ಲಿ ವಯಸ್ಸೆಲ್ಲ ಮಂದಿಯ ಹೊಲದಲ್ಲಿ ಕಳೆ ಕಸ ತೆಗೆದು ನನ್ನನ್ನು ಎಂ.ಕಾಂ. ಓದಿಸಿದವಳು, ಈಗ ನನ್ನ ಜತೆಗೇ ಇದ್ದಾಳೆ. ನಮಗೆ ಕುರಿ ಕಟ್ಟುವಷ್ಟು ಜಾಗವೂ ಇರಲಿಲ್ಲ. ಹೊಲಕ್ಕೆ ಹೆಸರಿಡಿ ಎಂದು ಆಟ ಕೇಳಿದಾಗ, ಒಂದೊಂದೇ ಅಕ್ಷರ ಹುಡುಕಿ "ನನ ಹೊಲ" ಎಂದು ಒತ್ತಿದಳು. ತಿದ್ದಲು ಹೋದೆ, ಕೈ ಸರಿಸಿದಳು.

ನಾಲ್ಕು ದಿನ ಆಡಿದ ಮೇಲೆ ತಕರಾರು ತೆಗೆದಳು. "ಈ ಹೊಲದಾಗ ಕಸಾನೇ ಬೆಳ್ಯೂದಿಲ್ಲೇನ್ ಬೇ? ಇದೆಂಥಾ ಒಕ್ಕಲುತನ?"

ಮ್ಯಾನೇಜರನಿಗೆ ಇದನ್ನು ಹೇಳಿದೆ. ಅವನಿಗೆ ಖುಷಿಯೋ ಖುಷಿ. ಕಸ ಬೆಳೆಸೋಣ, ತೆಗೆಯಬೇಕೆಂದರೆ ದುಡ್ಡು ಕೇಳೋಣ ಎಂದ. ನನಗೆ ಸಿಟ್ಟು ಬೇಗ ಬರುತ್ತದೆ. "ಕಸ ತೆಗೆದರೆ ನಮ್ಮವ್ವನಿಗೆ ಕೂಲಿ ಕೊಡುತ್ತಿದ್ದರು. ನೀವು ಅವಳಿಂದಲೇ ವಸೂಲಿ ಮಾಡುತ್ತೀರಾ?" ಎಂದೆ. ಆ ವಿಷಯ ಅಲ್ಲಿಗೆ ಬಿಟ್ಟ.

ಹಾಗೆ ಬಿಡುವ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಕಂಪನಿಗೆ ಹಣ ಹಾಕಿದವರು ಮೊದಮೊದಲು ಎಷ್ಟು ಮಂದಿ ಆಡುತ್ತಾರೆ ಎಂದಷ್ಟೇ ಕೇಳುತ್ತಿದ್ದರು. ಮಂದಿ ಹೆಚ್ಚಾದರೆ ಸಾಕು, ಬೆನ್ನು ತಟ್ಟುತ್ತಿದ್ದರು. ಜಾಹೀರಾತಿಗೆ ಸುರಿದದ್ದೇ ಸುರಿದದ್ದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುವುದು ಅವರಿಗೂ ಕೊನೆಗೆ ತಿಳಿದಿರಬೇಕು. ಒಬ್ಬೊಬ್ಬ ಆಟಗಾರನಿಂದ ಎಷ್ಟು ಬಂತು ಎಂದು ಕೇಳತೊಡಗಿದರು. ಕನ್ನಡದಿಂದ ಬರುತ್ತಿದ್ದುದು ಅಷ್ಟಕ್ಕಷ್ಟೇ. ಡಿಸೆಂಬರ್ ಮುಗಿಯುವುದರೊಳಗೆ ಕನ್ನಡದ ಆಟ ತನ್ನ ಖರ್ಚು ತಾನು ದುಡಿಯದಿದ್ದರೆ ಮುಚ್ಚುತ್ತೇವೆ ಎಂದು ಮ್ಯಾನೇಜರ್ ಹೇಳಿದ. ಮುಚ್ಚಿದರೆ ನನ್ನ ಕೆಲಸ ಹೋಗುತ್ತಿತ್ತು, ಅವ್ವನ ಹೊಲವೂ ಹೋಗುತ್ತಿತ್ತು.

ಡಿಸೆಂಬರಿನಲ್ಲಿ ನಮಗೆ ಎಳ್ಳ ಅಮಾವಾಸ್ಯೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಹೋಳಿಗೆ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುವ ಹಬ್ಬ. ಮೊದಲು ಅಡಿಗೆಯನ್ನು ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ಇದನ್ನೇ ಆಟದಲ್ಲಿ ತರೋಣ ಎಂದೆ. ಫೋನಿನಲ್ಲಿ ಯಾರ ನಂಬರ್ ಇದೆಯೋ ಅವರೂ ಆಡುತ್ತಿದ್ದರೆ, "ಬರ್ರಿ" ಎಂಬ ಬಟನ್ ಒತ್ತಿ ಅವರನ್ನು ನಮ್ಮ ಹೊಲಕ್ಕೆ ಕರೆಯಬಹುದು. ಅವರು ಬಂದು "ಉಂಡೆ" ಎಂದು ಒತ್ತಿದರೆ ಇಬ್ಬರಿಗೂ ಒಂದೊಂದು ಚೀಲ ಜೋಳ. ಕರೆಯುವುದಕ್ಕೆ ದುಡ್ಡು ಇಡಬಾರದು ಎಂದು ಹಟ ಹಿಡಿದೆ. ಬೇಕಾದರೆ ಎತ್ತಿನ ಕೋಡಿಗೆ ಬಣ್ಣ, ಬೆನ್ನಿಗೆ ಜೂಲು ಮಾರೋಣ ಎಂದೆ.

ಹಬ್ಬಕ್ಕೆ ಒಂದು ವಾರ ಮೊದಲೇ ಶುರುವಾಯಿತು. ನಮ್ಮ ಮಂದಿ ಕರೆದರು, ಕರೆದರು, ಕರೆದೇ ಕರೆದರು. ಬಿಟ್ಟು ಹೋಗಿದ್ದವರೆಲ್ಲ ವಾಪಸ್ ಬಂದು ಊಟಕ್ಕೆ ಕೂತರು. ಬಂದವರಿಗೆ ಜೋಳ ಸಿಗುತ್ತಿದ್ದುದರಿಂದ ಯಾರಿಗೂ ಏನನ್ನೂ ಕೊಳ್ಳುವ ದರ್ದು ಇರಲಿಲ್ಲ. ಕೋಡಿನ ಬಣ್ಣವನ್ನು ಯಾರೂ ಮೂಸಿಯೂ ನೋಡಲಿಲ್ಲ. ಕಂಪನಿಯ ಗ್ರಾಫಿನಲ್ಲಿ ಆಡುವವರ ಗೆರೆ ಏರಿತು, ರೊಕ್ಕದ ಗೆರೆ ಮಲಗಿದಲ್ಲೇ ಮಲಗಿತ್ತು.

ಹಬ್ಬದ ಹಿಂದಿನ ದಿನ ಮ್ಯಾನೇಜರ್ ಫೋನ್ ಮಾಡಿದ. ದಿನಕ್ಕೆ ಒಬ್ಬ ಅತಿಥಿ ಉಚಿತ, ಆಮೇಲೆ ಕರೆಯುವ ಪ್ರತಿಯೊಬ್ಬರಿಗೂ ನಲವತ್ತೊಂಬತ್ತು ರೂಪಾಯಿ. "ಇಲ್ಲದಿದ್ದರೆ ನಿನ್ನನ್ನು ಉಳಿಸಲು ನನ್ನಿಂದ ಆಗುವುದಿಲ್ಲ" ಎಂದ. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಆಡುವವರಿಗೆ ಇದನ್ನು ತಿಳಿಸುವ ವಾಕ್ಯ ಅಲ್ಲಿಯ ಮಾತಿನಲ್ಲೇ ಇರಲಿ, ಪುಸ್ತಕದ ಕನ್ನಡ ಬೇಡ ಎಂದೂ ಸೇರಿಸಿದ. ಬಾಡಿಗೆ, ಅವ್ವನ ಮೊಣಕಾಲಿನ ಔಷಧಿ ಎಲ್ಲ ಕಣ್ಣ ಮುಂದೆ ಬಂದವು. ಬರೆದೆ: "ಬುತ್ತಿ ಮುಗದದ. ಇನ್ನೊಬ್ಬರನ್ನ ಕರೀಬೇಕಂದ್ರ ₹49."

ಮೊಣಕಾಲಿನ ಕಾಟಕ್ಕೆ ಅವ್ವ ಆ ವರ್ಷ ಊರಿಗೆ ಹೋಗಿರಲಿಲ್ಲ. "ಈ ಸಲ ನಾನೇ ಮಂದಿನ್ನ ಕರೀತೇನಿ" ಎಂದು ಹಬ್ಬದ ದಿನ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಫೋನ್ ಹಿಡಿದು ಕೂತಳು. ಹಳೆಯ ನೆರೆಮನೆಯವಳೊಬ್ಬಳನ್ನು ಕರೆದಳು. ಎರಡನೆಯವರಿಗೆ ಬಟನ್ ಒತ್ತಿದಾಗ ನನ್ನ ವಾಕ್ಯ ಬಂತು. ಬೆರಳಿಟ್ಟು ಓದಿದಳು.

"ಹಬ್ಬದ ದಿನ ಬುತ್ತಿ ಮುಗದದ ಅಂತ ಯಾರರ ಅಂತಾರೇನ್?" ಎಂದಳು. "ಇದನ್ನ ಬರದವರು ಒಂದಿನಾನೂ ಹಸದು ಕುಂತವರಲ್ಲ ಬಿಡು."

ನಾನು ಸುಮ್ಮನಿರಬಹುದಿತ್ತು. "ನಾನೇ ಬರದೇನಿ" ಎಂದೆ.

ಅವ್ವ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಯಾಕ?"

"ಹಿಂಗ ಬರೀಲಿಲ್ಲಂದ್ರ ಆಟ ಮುಚ್ಚತಾರ. ನನ್ನ ಕೆಲಸಾನೂ ಹೋಗ್ತದ."

"ಅಂದ್ರ ಈ ರೊಕ್ಕ ನಿನ್ನ ಪಗಾರಕ್ಕ ಬರ್ತದ?"

"ಸುತ್ತಿ ಬಳಸಿ, ಒಂದೀಟು."

ಅವ್ವ ಎಲೆಯಡಕಿ ಚೀಲದಿಂದ ಇನ್ನೂರರ ನೋಟು ತೆಗೆದು ನನ್ನ ಮುಂದೆ ಇಟ್ಟಳು. "ನಾಕು ಮಂದಿ ಆಗ್ತಾರಲ್ಲ, ಕರಿ. ಮೊದಲ ನಮ್ಮ ಗೌಡಸಾನಿಯವರನ್ನ ಕರಿ."

ಗೌಡಸಾನಿ ಎಂದರೆ ಅವ್ವ ಕಸ ತೆಗೆಯುತ್ತಿದ್ದ ಹೊಲದ ಒಡತಿ. ಈಗ ಕಲಬುರಗಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಮೊಮ್ಮಕ್ಕಳು ಕಲಿಸಿಕೊಟ್ಟ ಈ ಆಟ ಆಡುತ್ತಾರೆ. ಪ್ರತಿ ಎಳ್ಳ ಅಮಾವಾಸ್ಯೆಗೂ ನಮ್ಮನ್ನು ತಪ್ಪದೆ ಕರೆಯುತ್ತಿದ್ದರು. ನಾವು ದೂರ ಬದುವಿನ ಮೇಲೆ ಕೂರುತ್ತಿದ್ದೆವು, ಅವರು ತಾಗದಂತೆ ಮೇಲಿನಿಂದ ರೊಟ್ಟಿ ಬಿಡುತ್ತಿದ್ದರು. ನಮ್ಮ ಮನೆಯ ನೀರನ್ನೂ ಅವರು ಕುಡಿದದ್ದಿಲ್ಲ.

ನೋಟು ತೆಗೆದುಕೊಂಡು, ನನ್ನ ಖಾತೆಯಿಂದ ದುಡ್ಡು ಕಟ್ಟಿ ಬಟನ್ ಒತ್ತಿದೆ. ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವ್ವನ ಹೊಲದ ಬೇವಿನ ಗಿಡದ ಕೆಳಗೆ ಗೌಡಸಾನಿಯ ಹೆಸರು ಹೊತ್ತ ಪುಟ್ಟ ಗೊಂಬೆಯೊಂದು ಬಂದು ಕೂತಿತು. ಸ್ವಲ್ಪ ಹೊತ್ತಿಗೆ "ಉಂಡೆ" ಎಂದು ಬಂತು.

"ಉಂಡ್ರಾ?" ಎಂದಳು ಅವ್ವ. ಉಂಡ್ರು ಎಂದೆ. ಮತ್ತೊಮ್ಮೆ ಕೇಳಿದಳು. ನನಗೆ ತಡೆಯಲಾಗಲಿಲ್ಲ. "ಯವ್ವಾ, ಅವರು ಅಲ್ಲೆಲ್ಲೋ ಕುಂತು ಬಟನ್ ಒತ್ಯಾರ ಅಷ್ಟ."

"ಗೊತ್ತದ ಬೇ. ನನಗೇನ್ ಹುಚ್ಚ ಹಿಡದದಾ?" ಎಂದಳು. "ಬಟನ್ನರ ಒತ್ಯಾರಲ್ಲ."

ಮೂರು ತಿಂಗಳ ಲೆಕ್ಕದ ಮೀಟಿಂಗಿನಲ್ಲಿ ಮ್ಯಾನೇಜರ್ ಗೆರೆ ತೋರಿಸಿದ. ಹಬ್ಬದ ದಿನದಿಂದ ರೊಕ್ಕದ ಗೆರೆ ಎದ್ದು ನಿಂತಿತ್ತು. ಕನ್ನಡದ ಆಟ ಉಳಿಯಿತು, ನಾನೂ ಉಳಿದೆ. ತಮ್ಮ ಬೆಳೆಗೆ ಒಂದು ಪೈಸೆ ಬಿಚ್ಚದ ಮಂದಿ ಇನ್ನೊಬ್ಬರಿಗೆ ಉಣಿಸಲು ಯಾಕೆ ಕೊಟ್ಟರು, ಇದನ್ನು ಬೇರೆ ಭಾಷೆಗಳಲ್ಲೂ ಮಾರಬಹುದೇ ಎಂದು ಮೇಲಿನವರು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಕಂಪನಿಯವರಿಗೆ ನಾನು ಬೇಕೆಂದೇ ಹೇಳಿದ ಸುಳ್ಳು ಅದೊಂದೇ.

ಪಗಾರ ಬಂದ ದಿನ ಆ ಇನ್ನೂರು ರೂಪಾಯಿ ಅವ್ವನ ಕೈಗೆ ಕೊಡಲು ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟಿನ ಕೈಯಿಂದಲೇ ನನ್ನ ಕೈಯನ್ನು ಆಚೆ ತಳ್ಳಿದಳು.

"ಮಂದಿಗೆ ಉಣ್ಣಾಕ ಹಾಕಿದ ರೊಕ್ಕ ವಾಪಸ್ ತಗೊಂತಾರೇನ್ ಬೇ?"