ಗಾಜಿನ ಪೆಟ್ಟಿಗೆಯ ಎರಡು ಆಂಪಿಯರ್

ಅಕ್ಕನನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಬದಿಯ ತಗಡಿನ ಮೇಲೆ ಇನ್ನೂರಮೂವತ್ತು ವೋಲ್ಟ್, ಎರಡು ಆಂಪಿಯರ್ ಎಂದಿತ್ತು. ಎರಡೂವರೆ ಇದ್ದರೂ ಇದ್ದೀತು. ಲೆಕ್ಕ ಸುಲಭವಾಗಲೆಂದು ನನ್ನ ನೆನಪೇ ಅದನ್ನು ದುಂಡಗೆ ಮಾಡಿಕೊಂಡಿರಬಹುದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ನಾನೂರ ಅರವತ್ತು ವಾಟ್. ಭಾಗಿಸಿದರೆ ನೂರಹದಿನೈದು ಓಮ್ ರೋಧ. ಅಕ್ಕನ ಕಾಲ ಬಳಿ ಕೂತು ನಾನು ಮಾಡಿದ ಕೆಲಸ ಇದು. ಅಳು ಬಂದಿರಲಿಲ್ಲ.

ಲೆಕ್ಕಕ್ಕೆ ಕಾರಣವೂ ಇತ್ತು. ಅಕ್ಕನ ಮಗಳು ನಾಗಪುರದಲ್ಲಿ ರೈಲು ಹತ್ತಿದ್ದಳು. ಮಾರನೆಯ ಬೆಳಗ್ಗೆ ಅವಳು ಚಾಮರಾಜಪೇಟೆಯ ಈ ಮನೆ ಮುಟ್ಟುವವರೆಗೆ ಪೆಟ್ಟಿಗೆ ತಣ್ಣಗಿರಬೇಕು. ತಾಯಿಯ ಮುಖವನ್ನು ಅವಳು ಇದ್ದ ಹಾಗೆಯೇ ನೋಡಬೇಕು. ಮನೆಯ ವೈರಿಂಗ್ ಹಳೆಯದು, ನಡುಮನೆಗೆ ಐದು ಆಂಪಿಯರಿನ ತಂತಿ ಕಟ್ಟಿದ ಪಿಂಗಾಣಿ ಫ್ಯೂಸು. ಪೆಟ್ಟಿಗೆಗೆ ಎರಡು, ಫ್ಯಾನು ದೀಪಗಳಿಗೆ ಒಂದು ಹಿಡಿದರೂ ಇನ್ನೆರಡು ಮಿಕ್ಕುತ್ತದೆ. ಸಾಕು ಎಂದುಕೊಂಡೆ.

ಸಂಜೆ ನಡುಮನೆ ತುಂಬ ಜನ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಪಕ್ಕದ ಮನೆಯಾಕೆ ತಮ್ಮ ಕರೆಂಟಿನ ಕೆಟಲ್ ತಂದು ಮೂಲೆಯ ಪ್ಲಗ್ಗಿಗೆ ಸಿಕ್ಕಿಸಿದರು. ಯಾರೋ ಹಿರಿಯರು ಬೇಡವೆಂದರು.

"ಇದೆಲ್ಲಿ ಒಲೆ ರೀ? ಬೆಂಕೀನೇ ಇಲ್ವಲ್ಲ. ಬಂದೋರು ಒಣಗಂಟಲಲ್ಲಿ ಎಷ್ಟೊತ್ತು ಅಂತ ಕೂತಿರ್ತಾರೆ?"

ಶಾಸ್ತ್ರಕ್ಕೆ ಆ ಉತ್ತರ ಸಾಕಾಯಿತು, ಫ್ಯೂಸಿಗೆ ಸಾಲಲಿಲ್ಲ. ಕೆಟಲಿನ ಸಾವಿರದ ಐನೂರು ವಾಟನ್ನು ಇನ್ನೂರಮೂವತ್ತರಿಂದ ಭಾಗಿಸಿದರೆ ಅದೊಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ನೀರು ಕುದಿಯುವ ಮೊದಲೇ ಫ್ಯಾನು ನಿಂತಿತು. ಪೆಟ್ಟಿಗೆಯೂ ಸುಮ್ಮನಾಯಿತು.

ಕೆಟಲ್ ತೆಗೆಸಿ, ಮೊಬೈಲಿನ ಬೆಳಕಿನಲ್ಲಿ ಫ್ಯೂಸಿಗೆ ಹೊಸ ತಂತಿ ಕಟ್ಟತೊಡಗಿದೆ. ಆಗ ಅಕ್ಕನ ಮಾತು ನೆನಪಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಒಮ್ಮೆ ನಾನು ಮಿಕ್ಸಿಯ ರೋಧವನ್ನು ಹೀಗೇ ಲೆಕ್ಕ ಹಾಕಿದಾಗ ನಕ್ಕಿದ್ದಳು.

"ಕೆಟಲ್ಲು, ಇಸ್ತ್ರಿ ಪೆಟ್ಟಿಗೆಗೆ ನಿನ್ನ ಲೆಕ್ಕ ಸರಿ. ಮೋಟರಿಗೆ ಹಾಗೆ ನಡೆಯಲ್ಲ ಕಣೋ. ಶುರುವಾಗೋವಾಗ ಜಾಸ್ತಿ ಎಳ್ಕೊಳುತ್ತೆ."

ಕೆಟಲ್ಲು ಎಂದು ಅವಳು ನಿಜಕ್ಕೂ ಅಂದಿದ್ದಳೋ, ಆ ಸಂಜೆಗೆ ಹೊಂದಲೆಂದು ನಾನು ಸೇರಿಸಿಕೊಂಡೆನೋ ಗೊತ್ತಿಲ್ಲ. ಪೆಟ್ಟಿಗೆಯೊಳಗೂ ಇರುವುದು ಮೋಟರೇ. ನನ್ನ ನೂರಹದಿನೈದು ಓಮ್ ತಪ್ಪು, ನಾನೂರ ಅರವತ್ತು ವಾಟ್ ಕೂಡ ಪೂರ್ತಿ ಸರಿಯಲ್ಲ. ತಿದ್ದಬೇಕಾದವಳು ಗಾಜಿನ ಕೆಳಗೆ ಮಲಗಿದ್ದಳು. ನನಗೆ ಅಳು ಬಂದದ್ದು ಆಗ. ಅಥವಾ ಇನ್ನೂ ತಡವಾಗಿ ಬಂದಿತ್ತೇನೋ, ಇಲ್ಲಿಗೆ ಚೆನ್ನಾಗಿ ಹೊಂದುವುದರಿಂದಲೇ ನನಗೆ ಅನುಮಾನ.

ಆಮೇಲೆ ಪೆಟ್ಟಿಗೆ ಶುರುವಾದಾಗಲೆಲ್ಲ ದೀಪ ಒಂದು ಕ್ಷಣ ಮಂಕಾಗುತ್ತಿತ್ತು. ಪ್ರತಿ ಸಲವೂ ಫ್ಯೂಸಿನ ಕಡೆ ನೋಡುತ್ತಿದ್ದೆ. ತಂತಿ ತಡೆದುಕೊಂಡಿತು.

ಬೆಳಗ್ಗೆ ಅಕ್ಕನ ಮಗಳು ಬಂದಳು. ಹೆಗಲ ಚೀಲವನ್ನೂ ಇಳಿಸದೆ ಪೆಟ್ಟಿಗೆಯ ಪಕ್ಕ ಕುಸಿದಳು. ಗಾಜಿನ ಮೇಲೆ ಮಂಜು ಕಟ್ಟಿ ಮುಖ ಮಸುಕಾಗಿತ್ತು. ವೇಲಿನಿಂದ ಒರೆಸಿದಳು. ಮತ್ತೆ ಕಟ್ಟಿತು. ಮತ್ತೆ ಒರೆಸಿದಳು.

"ಆಫ್ ಮಾಡಿ ಮಾಮ," ಎಂದಳು. "ಅಮ್ಮನ್ನ ಮುಟ್ಬೇಕು."

ಅಲ್ಲಿಯವರೆಗೆ ನಾನು ಕಾವಲು ಕಾದಿದ್ದ ಸ್ವಿಚ್ಚನ್ನು ನಾನೇ ಆರಿಸಿದೆ. ಇಬ್ಬರೂ ಸೇರಿ ಗಾಜಿನ ಮುಚ್ಚಳ ಎತ್ತಿದೆವು. ಅವಳು ತಾಯಿಯ ಕೆನ್ನೆ ಮುಟ್ಟಿದಳು, ತಟ್ಟನೆ ಕೈ ಹಿಂದಕ್ಕೆ ತೆಗೆದಳು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮತ್ತೆ ಇಟ್ಟಳು.