ಸ್ವಿಚ್ ಹಾಕಿದರೆ ಬರಬೇಕಾದ ಪಾಠ

ನಾನು ಓದಿದ್ದು ಮೂರನೇ ಇಯತ್ತೆ. ಕಂಪ್ಯೂಟರಿನ ವಿಷಯ ಬರೆಯಲು ಹೊರಟಿದ್ದೇನೆಂದು ನಗುವವರು ನಗಲಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಸೊಸೆ ಆನವಟ್ಟಿಯಲ್ಲಿ ಒಂದು ಕೋಣೆ ಹಿಡಿದು ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದಳು. ಹಳೆಯ ಎರಡು ಕಂಪ್ಯೂಟರ್. ಎರಡರ ಒಳಗೂ ಡಿಸ್ಕ್ ಇರಲಿಲ್ಲ, ಅದಕ್ಕೇ ಅಗ್ಗಕ್ಕೆ ಸಿಕ್ಕಿದ್ದವು. ಅವು ನಡೆಯುತ್ತಿದ್ದುದು ಅಂಗೈಯಗಲದ ಒಂದು ಫ್ಲಾಪಿಯಿಂದ. ಅದರಲ್ಲಿದ್ದದ್ದು ಲಿನಕ್ಸ್ ಅಂತೆ. ಫ್ಲಾಪಿ ಹಾಕಿ ಸ್ವಿಚ್ ಒತ್ತಿದರೆ ಇಡೀ ಸರಂಜಾಮು ಮಷೀನಿನ ನೆನಪಿಗೆ ಹತ್ತುತ್ತಿತ್ತು. ಆಮೇಲೆ ಅದನ್ನೇ ತೆಗೆದು ಪಕ್ಕದ ಮಷೀನಿಗೆ ಹಾಕುವುದು. ಕರೆಂಟ್ ಹೋಯಿತೋ, ಎಲ್ಲ ಮರೆತು ಕೂರುತ್ತಿತ್ತು. ನಮ್ಮಲ್ಲಿ ಕರೆಂಟ್ ಹೋಗದ ದಿನವೇ ಇರಲಿಲ್ಲ.

ಕರೆಂಟ್ ಬಂದಾಗೆಲ್ಲ ಸೊಸೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೊಡೆದರೆ ಮಾತ್ರ ಪಾಠ ತೆರೆಯುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ತಾನೇ ಹೊಡೆಯಲು ಹೋಗಿ, ಇದ್ದ ಎರಡು ಫ್ಲಾಪಿಗಳಲ್ಲಿ ಒಂದನ್ನು ಪೂರಾ ಅಳಿಸಿಹಾಕಿದಳು. ಉಳಿದದ್ದು ಒಂದೇ.

ಅಷ್ಟರಲ್ಲಿ ಸೊಸೆ ಬಸುರಿಯಾದಳು. ಹಿಂದಿನದು ಐದು ತಿಂಗಳಿಗೇ ಹೋಗಿತ್ತು. ಈ ಸಲ ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದರು. ಶಿಕಾರಿಪುರದ ತವರಿಗೆ ಹೋಗುವುದೆಂದಾಯಿತು. ಹುಡುಗಿಯರ ಪರೀಕ್ಷೆ ಹತ್ತಿರವಿತ್ತು. ಕ್ಲಾಸು ಮುಚ್ಚು ಎಂದೆ, ಕೇಳಲಿಲ್ಲ. ಆ ನಾಲ್ಕು ಸಾಲನ್ನು ಒಂದು ಸ್ಕ್ರಿಪ್ಟ್ ಮಾಡಿ ಫ್ಲಾಪಿಗೆ ಸೇರಿಸುತ್ತೇನೆ, ಸ್ವಿಚ್ ಹಾಕಿದೊಡನೆ ಮಷೀನೇ ಓದಿಕೊಂಡು ಪಾಠ ತೆರೆಯುತ್ತದೆ, ನೀವು ಬಾಗಿಲು ತೆಗೆದರೆ ಸಾಕು ಎಂದಳು. ಹೊರಡುವ ದಿನ ಕೂತು ಬರೆದಳು. ಹೊರಗೆ ಕಾರು ಹಾರನ್ ಹೊಡೆಯುತ್ತಿತ್ತು. ಫ್ಲಾಪಿಗೆ ಇಳಿಸಿದೆ ಎಂದು ಎದ್ದಳು. ಪರದೆ ಏನು ಹೇಳಿತೆಂದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಅಕ್ಷರಗಳು ಸರಸರ ಮೇಲೆ ಓಡಿದವು. ಕೊನೆಗೆ ಒಂದು ಬಿಳಿ ಗೀಟು ಮಿಣುಕುತ್ತಾ ನಿಂತಿತು. ಪಾಠವಿಲ್ಲ.

"ಅಜ್ಜಿ, ಒಂದ್ಸಲ ಬೈದು ನೋಡ್ರಿ, ಹೆದ್ರಿ ತೆಗೀತದೆ," ಎಂದಳೊಬ್ಬಳು.

"ಮೊದ್ಲು ನಿನ್ನ ಬೈತೀನಿ, ಸುಮ್ನೆ ಕೂತ್ಕೋ."

ಫ್ಲಾಪಿ ಹಿಡಿದುಕೊಂಡು ಪಕ್ಕದ ಫೋನ್ ಬೂತಿಗೆ ಹೋಗಿ ಸೊಸೆಗೆ ಹೇಳಿದೆ.

"ಹಂಗಾರೆ ನಾಳೆ ಮೊದ್ಲ ಬಸ್ಸಿಗೆ ನಾನೇ ಬರ್ತೀನಿ ಅತ್ತೆ. ಅರ್ಧ ಗಂಟೆ ಕೆಲ್ಸ."

"ಆ ರಸ್ತೇಲಿ ಬಸ್ಸು ಹತ್ತಿದ್ರೆ ಹೊಟ್ಟೇಲಿ ಇರೋದು ಶಿರಾಳಕೊಪ್ಪ ದಾಟಲ್ಲ. ಏನಾಗಿದೆ ಅಂತ ಅಲ್ಲಿಂದ್ಲೇ ಹೇಳು."

"ಫ್ಲಾಪಿ ಮೂಲೇಲಿ ಸರಿಸೋ ಸಣ್ಣ ಗುಂಡಿ ಇದೆಯಲ್ಲ, ಅಲ್ಲಿ ತೂತು ಕಾಣ್ತದಾ?"

"ಕಾಣ್ತದೆ."

"ಬೀಗ ಹಾಕಿದಂಗೆ ಅದು. ನಾನು ಬರೆದಿದ್ದು ಒಳಗೇ ಹೋಗಿಲ್ಲ, ಸ್ವಿಚ್ ಆರಿಸಿದಾಗ ಅಳಿಸಿಹೋಗಿದೆ. ಯಾರು ಸರಿಸಿದ್ದು ಅದನ್ನ?"

"ನಾನೇ. ಆ ಹುಡುಗಿ ಇದನ್ನೂ ಅಳಿಸ್ಯಾಳು ಅಂತ."

ಗುಂಡಿ ಸರಿಸಿದರೆ ಅಳಿಸಲಾಗದು ಎಂದು ಹಿಂದೊಮ್ಮೆ ಅವಳೇ ತೋರಿಸಿದ್ದಳು. ಅಳಿಸಲಾಗದ್ದರಲ್ಲಿ ಬರೆಯಲೂ ಆಗದು ಎಂಬುದು ನನಗೆ ಹೊಳೆದಿರಲಿಲ್ಲ.

"ಅವಳನ್ನೇ ಕರೀರಿ ಅತ್ತೆ, ಆ ಸಾಲು ನಾನು ಹೇಳ್ತೀನಿ. ತಪ್ಪಿಲ್ದೆ ಬರ್ಕೊಳ್ಳೋಳು ಅವಳೊಬ್ಳೇ."

ನನಗೆ ಮನಸ್ಸಿರಲಿಲ್ಲ. ಆದರೆ ಇಲ್ಲವೆಂದರೆ ಇವಳು ಬಸ್ಸು ಹತ್ತುವವಳು. ಕರೆದೆ. ಹುಡುಗಿ ಫೋನಿನಲ್ಲಿ ಕೇಳಿ ಚೀಟಿಯ ಮೇಲೆ ಬರೆದುಕೊಂಡಳು. ಕೋಣೆಗೆ ಮರಳಿ, ಫ್ಲಾಪಿಯ ಗುಂಡಿಯನ್ನು ಉಗುರಿನಿಂದ ಸರಿಸಿ ತೂತನ್ನು ನಾನೇ ಮುಚ್ಚಿ ಕೊಟ್ಟೆ.

"ಅಜ್ಜಿ, ಮತ್ತೆ ಅಳಿಸಿಹೋದ್ರೆ?"

"ಹೋದ್ರೆ ನಿಮ್ಮ ಟೀಚರ್ ಬಸ್ಸು ಹತ್ತುತಾಳೆ. ನೋಡ್ಕೊಂಡು ಹೊಡಿ."

ಒಂದೊಂದು ಅಕ್ಷರವನ್ನೂ ಚೀಟಿಗೆ ಹೋಲಿಸಿ ಹೊಡೆದಳು. ಕಡೆಯ ಸಾಲಿಗೆ ಫ್ಲಾಪಿ ಗರಗರ ಎಂದು ಬಹಳ ಹೊತ್ತು ಸದ್ದು ಮಾಡಿ ನಿಂತಿತು.

"ಬರೀತು ಅಜ್ಜಿ."

ಬಾಯಿಮಾತನ್ನು ನಿನ್ನೆಯೇ ನಂಬಿ ಕೆಟ್ಟಿದ್ದೆ. ಎದ್ದು ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದೆ. ಹುಡುಗಿಯರೆಲ್ಲ ಅಯ್ಯೋ ಎಂದರು. ಮತ್ತೆ ಹಾಕಿದೆ. ಅಕ್ಷರಗಳು ಓಡಿದವು, ಬಿಳಿ ಗೀಟು ಮಿಣುಕಿತು, ಆಮೇಲೆ ಗೀಟು ಹೋಗಿ ಪಾಠ ಎದ್ದಿತು. ಕೀಲಿಮಣೆಯನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದ ಮಷೀನಿನಲ್ಲೂ ಹಾಗೆಯೇ ಬಂತು. ಹುಡುಗಿಯರು ಕೂತು ಟಕಟಕ ಶುರುಮಾಡಿದರು.

ಬೂತಿಗೆ ಹೋದೆ. ಸೊಸೆ ಮೊದಲ ರಿಂಗಿಗೇ ಎತ್ತಿದಳು. ಮಲಗಿರಲಿಲ್ಲ, ಫೋನಿನ ಪಕ್ಕದಲ್ಲೇ ಕೂತಿದ್ದಳು.

"ಬಂತಾ ಅತ್ತೆ?"

"ಬಂತು. ಫೋನಿಟ್ಟು ಮಲ್ಕೋ."