ಒಂದನೇ ತರಗತಿಯ ಕಲ್ಲುಗಳು ಮತ್ತು ಒಂದು ಹಿರಿಯ ಕಪ್ಪೆ

ಒಂದನೇ ತರಗತಿಗೆ ಪಾಠ ಹೇಳುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಎಂದು ತಿಳಿದವರು ಹೇಳುತ್ತಾರೆ. ಒಂದನ್ನು ಇಡುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ. ಗುಲ್ಲು ಟೀಚರ್ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ತಪ್ಪು ಕಪ್ಪೆಗಳದ್ದಲ್ಲ, ತಕ್ಕಡಿ ತಂದವನದ್ದು. ನೆಗೆಯುವ ಪ್ರಾಣಿಯನ್ನು ತೂಗುವುದು ಬಿಟ್ಟು, ಅದು ಎಷ್ಟು ದೂರ ನೆಗೆಯಿತು ಎಂದು ಅಳೆಯಬಾರದೇಕೆ?

‘ಗುಲ್ಲು’ ಎಂಬ ಬಿರುದನ್ನು ಅವರಿಗೆ ದಯಪಾಲಿಸಿದ್ದು ಶಿಕ್ಷಕರ ಕೊಠಡಿ. ಐವತ್ತರ ಹತ್ತಿರದ ವಯಸ್ಸು, ದುಂಡನೆಯ ಮೈ, ಪಿಸುಗುಟ್ಟಿದರೂ ಆಟದ ಬಯಲು ದಾಟಿ ಹೋಗುವ ಕಂಠ. ಉಳಿದ ಶಿಕ್ಷಕರು ಒಂದು ತುಂಡು ಸೀಮೆಸುಣ್ಣ ಹಿಡಿದು ರಣರಂಗಕ್ಕೆ ಹೋದರೆ, ಇವರು ಇಡೀ ಶಸ್ತ್ರಾಗಾರವನ್ನೇ ಚೀಲದಲ್ಲಿ ಹೊತ್ತು ಹೋಗುತ್ತಿದ್ದರು: ಬಾಟಲಿ ಮುಚ್ಚಳ, ದಾರ ಮುಗಿದ ರೀಲು, ಹಲ್ಲುದುರಿದ ಬಾಚಣಿಗೆ, ಬಣ್ಣಬಣ್ಣದ ಗುಂಡಿಗಳು.

ಗುಂಡಿಗಳ ಮೂಲ ಗಂಡನ ಟೈಲರ್ ಅಂಗಡಿ. ಅದು ಮನೆಯ ಮುಂದಿನ ಕೋಣೆಯೇ ಆದ್ದರಿಂದ ಕಳ್ಳತನಕ್ಕೆ ಹೊಸ್ತಿಲು ದಾಟಿದರೆ ಸಾಕಿತ್ತು.

“ಈ ಮನೇಲಿ ಕಸ ಗುಡಿಸೋ ಹಾಗಿಲ್ಲಪ್ಪ,” ಎಂದು ಅತ್ತೆ ಮಗನ ಮುಂದೆ ದೂರುತ್ತಿದ್ದರು. “ಪೊರಕೆ ಎತ್ತಿದ್ರೆ ಸಾಕು, ‘ಅತ್ತೇ, ಅದು ನಾಳೆ ಪಾಠ’ ಅಂತ ಓಡಿ ಬರ್ತಾಳೆ ನಿನ್ನ ಹೆಂಡ್ತಿ.”

“ನಿನಗೆ ಕಸದ ಚಿಂತೆ. ಗಿರಾಕಿ ಕೋಟಿಗೆ ಒಂದು ಗುಂಡಿ ಕಮ್ಮಿ ಬಿತ್ತಮ್ಮಾ. ಕೇಳಿದ್ರೆ, ನಾಲ್ಕರಲ್ಲಿ ಒಂದು ಕಳೆದ್ರೆ ಮೂರು, ಲೆಕ್ಕ ಸರಿಯಾಗೇ ಇದೆಯಲ್ಲ ಅಂತಾಳೆ.”

ಹೀಗೆ ಹೇಳುವ ಅತ್ತೆಯೇ ಬೀದಿಯಲ್ಲಿ ಸಿಕ್ಕ ಬಾಟಲಿ ಮುಚ್ಚಳಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿ ತಂದು, ಯಾರೂ ನೋಡದಾಗ ಸೊಸೆಯ ಚೀಲಕ್ಕೆ ಹಾಕುತ್ತಿದ್ದರು ಎಂಬುದು ಬೇರೆ ಮಾತು.

ತರಗತಿಯಲ್ಲಿ ಇವೆಲ್ಲಕ್ಕೂ ಜೀವ ಬರುತ್ತಿತ್ತು. ಕುರ್ಚಿಗಳು ಸಾಲಾಗಿ ನಿಂತು ಬಸ್ಸಾಗುತ್ತಿದ್ದವು. ಹತ್ತಿದವರು ಕೂಡುವ ಲೆಕ್ಕ, ಇಳಿದವರು ಕಳೆಯುವ ಲೆಕ್ಕ, ಕಿಟಕಿಯ ಸೀಟಿಗೆ ಜಗಳವಾಡಿದವರು ಲೆಕ್ಕಕ್ಕಿಲ್ಲ. ಅಕ್ಷರಗಳು ಬೆಂಚಿನ ಕೆಳಗೆ, ಬಾಗಿಲ ಹಿಂದೆ ಅಡಗಿ ಕೂರುತ್ತಿದ್ದವು. ಮಕ್ಕಳು ಪೊಲೀಸರಾಗಿ ಅವನ್ನು ಹಿಡಿದು ತಂದು ಹೆಸರು ಹೇಳಿಸುತ್ತಿದ್ದರು. ಒಮ್ಮೆ ಬಕೆಟ್ ನೀರಿನಲ್ಲಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂಬ ಪರೀಕ್ಷೆ ನಡೆಯಿತು. ಮುಖ್ಯೋಪಾಧ್ಯಾಯರ ಕನ್ನಡಕದ ಡಬ್ಬಿ ತೇಲುತ್ತದೆ, ಕನ್ನಡಕ ಮುಳುಗುತ್ತದೆ ಎಂಬ ಸತ್ಯ ಅಂದು ಬೆಳಕಿಗೆ ಬಂತು. ಅದು ಬಕೆಟ್ಟಿನವರೆಗೆ ಹೇಗೆ ಬಂತು ಎಂಬುದು ಮಾತ್ರ ಇಂದಿಗೂ ಕತ್ತಲಲ್ಲೇ ಇದೆ.

ಮುಖ್ಯೋಪಾಧ್ಯಾಯರಿಗೆ ಮಕ್ಕಳಿಟ್ಟ ಹೆಸರು ಉಶ್ ಸರ್. ಬಾಗಿಲಲ್ಲಿ ಮೊದಲು ಅವರ ತೋರುಬೆರಳು, ಆಮೇಲೆ ತುಟಿ, ಆಮೇಲೆ “ಉಶ್!”, ಕೊನೆಗೆ ಉಳಿದ ದೇಹ ಕಾಣಿಸಿಕೊಳ್ಳುತ್ತಿತ್ತು. ಶಾಲೆಯೆಂದರೆ ಫ್ಯಾನಿನ ಸದ್ದು ಕೇಳುವಂತಿರಬೇಕು ಎಂಬುದು ಅವರ ಸಿದ್ಧಾಂತ. ಅವರ ಶಾಲೆಯ ಫ್ಯಾನುಗಳು ಕೆಟ್ಟಿದ್ದವು, ಆ ಮಾತು ಬೇರೆ.

ಗುಲ್ಲು ಟೀಚರಿನ ಒಂದೇ ಒಂದು ಆಟ ಉಶ್ ಸರ್ ಮನಸ್ಸಿಗೆ ಹಿಡಿಸಿತ್ತು. ಗದ್ದಲ ನೆತ್ತಿಗೇರಿದಾಗ ಟೀಚರ್ ಒಮ್ಮೆ ಚಪ್ಪಾಳೆ ತಟ್ಟಿ “ಕಲ್ಲು!” ಎನ್ನುತ್ತಿದ್ದರು. ಅಷ್ಟೂ ಮಕ್ಕಳು ಇದ್ದಲ್ಲಿ ಇದ್ದ ಹಾಗೆ ಕಲ್ಲಾಗುತ್ತಿದ್ದರು. ವರಾಂಡದಿಂದ ಇದನ್ನು ಕಂಡ ಉಶ್ ಸರ್ ಕಣ್ಣಲ್ಲಿ ನೀರು ತುಂಬಿತ್ತಂತೆ. ಅವರು ನೋಡಿದ್ದು ಅಷ್ಟೇ. ಮುಂದಿನದನ್ನು ನೋಡಲು ನಿಲ್ಲಲಿಲ್ಲ.

ಮುಂದಿನದೇ ಮುಖ್ಯ. ಆ ಕೋಣೆಯ ನೆಲದ ಮೇಲೆ ಸೊನ್ನೆಯಿಂದ ಹತ್ತರವರೆಗೆ ಚೌಕದ ಮನೆಗಳನ್ನು ಹಸಿರು ಬಣ್ಣದಲ್ಲಿ ಬರೆದಿತ್ತು. ಕಲ್ಲು ಮಾಡಿದವರು ಸೊನ್ನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಪ್ಪೆಯಾಗಿ, ಮನೆಯಿಂದ ಮನೆಗೆ “ವಟ್, ವಟ್” ಎಂದು ಹಾರಬೇಕು. ಕಪ್ಪೆ ನಿಂತ ಮನೆಯ ಅಂಕಿಯನ್ನು ಕೂಗಿ ಕಲ್ಲುಗಳು ಮತ್ತೆ ಮಕ್ಕಳಾಗುತ್ತವೆ. ಒಂದು ದಿನ ಟೀಚರ್ ನಡುವೆ ಹೊರಗೆ ಹೋದಾಗ ಪಕ್ಕದ ತರಗತಿಯ ಮೇಷ್ಟ್ರು ಬಂದು “ಸಾಕು ಏಳಿ” ಎಂದುಬಿಟ್ಟಿದ್ದರು. ಆಟ ಕೆಟ್ಟಿತು. ಆ ಅನ್ಯಾಯದ ವಿರುದ್ಧ ವಕೀಲಮ್ಮ ಎಂದೇ ಹೆಸರಾದ ಮುಂಭಾಗದ ಹಲ್ಲಿಲ್ಲದ ಹುಡುಗಿ ಸಭೆ ಸೇರಿಸಿ ಕಾನೂನು ಮಾಡಿಸಿದಳು: “ಯಾರು ಕಲ್ಲು ಮಾಡಿದ್ರೋ ಅವ್ರೇ ಕಪ್ಪೆ ಆಗ್ಬೇಕು. ಬೇರೆ ಯಾರು ಹೇಳಿದ್ರೂ ಯಾರೂ ಅಲ್ಲಾಡಂಗಿಲ್ಲ. ಅಲ್ಲಾಡಿದವರು ಠೂ.”

ಠೂ ಎಂದರೆ ಆ ತರಗತಿಯಲ್ಲಿ ಮರಣದಂಡನೆಗೆ ಸಮಾನ.

ಇಂಥ ಹೊತ್ತಿನಲ್ಲಿ ಇಲಾಖೆಯಿಂದ ದೊಡ್ಡ ಮೇಡಂ ಶಾಲೆ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಉಶ್ ಸರ್ ಗುಲ್ಲು ಟೀಚರನ್ನು ಕರೆಸಿದರು.

“ನೀವು ಇನ್ಮೇಲೆ ಏಳನೇ ತರಗತಿಗೆ ಹೋಗಿ. ಅಲ್ಲಿ ದೊಡ್ಡ ಮಕ್ಕಳು, ನಿಮ್ಮ ಬಾಟಲಿ ಮುಚ್ಚಳ ನಡೆಯಲ್ಲ.”

“ಒಂದನೇ ತರಗತಿಗೆ ಯಾರು ಸರ್?”

“ಡ್ರಿಲ್ ಮೇಷ್ಟ್ರು. ಶಿಸ್ತು ಬರುತ್ತೆ. ಮೇಡಂ ಬರೋ ದಿನ ಮಾತ್ರ ನಾನೇ ನಿಲ್ತೀನಿ.”

“ಸರ್, ಆ ಮಕ್ಕಳಿಗೆ ಕೆಲವು ರೂಢಿ ಇವೆ, ಸ್ವಲ್ಪ ಹೇಳ್ಬಿಡ್ತೀನಿ…”

“ಎಲ್ಲಾ ನೋಡಿದೀನ್ರೀ. ಉಶ್!”

ಆ ಸಂಜೆ ಟೀಚರ್ ಮನೆಗೆ ಬಂದು ಚೀಲವನ್ನು ಮೂಲೆಗೆ ತಳ್ಳಿ ಕೂತರು. ಗಾಬರಿಗೊಂಡ ಗಂಡ ತಾನಾಗಿಯೇ ಒಂದು ಹಿಡಿ ಗುಂಡಿ ತಂದು ಮುಂದಿಟ್ಟ. ಅವರು ಅದನ್ನು ದೂರ ಸರಿಸಿದರು. “ಏಳನೇ ಕ್ಲಾಸಿನವರು ಗುಂಡಿ ಎಣಿಸ್ತಾರೇನ್ರೀ?” ಎಂದಾಗ ಆ ಹೆಸರಾಂತ ಕಂಠ ಅಡುಗೆಮನೆಯವರೆಗೂ ಕೇಳಿಸಲಿಲ್ಲ. ಅತ್ತೆ ಬಂದು ಸೊಸೆಯ ಹಣೆ ಮುಟ್ಟಿ ನೋಡಿದರು.

ದೊಡ್ಡ ಮೇಡಂ ಬಂದ ದಿನ ಗುಲ್ಲು ಟೀಚರ್ ಪಕ್ಕದ ಕೋಣೆಯಲ್ಲಿ ಏಳನೆಯವರಿಗೆ ಭಿನ್ನರಾಶಿ ಹೇಳುತ್ತ, ಕಿವಿಯನ್ನು ಗೋಡೆಯ ಆಚೆಗೆ ಕಳುಹಿಸಿದ್ದರು. ಮೊದಲು ಎಂದಿನ ಗದ್ದಲ ಕೇಳಿಸಿತು. ಆಮೇಲೆ ಒಂದು ಚಪ್ಪಾಳೆ, ಉಶ್ ಸರ್ ಗಂಭೀರ ಧ್ವನಿಯಲ್ಲಿ: “ಕಲ್ಲು!”

ಟೀಚರ್ ಕೈಯ ಸೀಮೆಸುಣ್ಣ ಎರಡು ಭಿನ್ನರಾಶಿಯಾಯಿತು.

ಆ ಕಡೆ ಮೌನವೋ ಮೌನ. ದೊಡ್ಡ ಮೇಡಂ ಒಳಗೆ ಬಂದು, “ಎಷ್ಟು ಶಾಂತವಾಗಿದಾರಲ್ಲ!” ಎಂದು ಮೆಚ್ಚಿದ್ದು ಕೇಳಿಸಿತು. ಆಮೇಲೆ, “ನಿನ್ನ ಹೆಸರೇನು ಪುಟ್ಟಾ?” ಉತ್ತರವಿಲ್ಲ. “ಎರಡೂ ಎರಡೂ ಎಷ್ಟಮ್ಮಾ?” ಉತ್ತರವಿಲ್ಲ. “ಈ ಹುಡುಗ ಯಾಕೆ ಒಂಟಿಕಾಲಲ್ಲಿ ನಿಂತಿದಾನೆ? ಏನ್ರೀ, ಮಕ್ಕಳಿಗೆ ಏನ್ ಮಾಡಿದೀರಿ?”

“ಏಳ್ರೋ! ಸಾಕು! ಮಾತಾಡ್ರೋ!” ಎಂದು ಉಶ್ ಸರ್ ಬೇಡಿಕೊಳ್ಳುವುದು ಕೇಳಿತು. ಜೀವಮಾನವಿಡೀ ಮೌನಕ್ಕಾಗಿ ತಪಸ್ಸು ಮಾಡಿದವರಿಗೆ ವರ ಸಿಕ್ಕಿತ್ತು. ವಾಪಸು ಕೊಡುವ ಮಂತ್ರ ಮಾತ್ರ ಗೊತ್ತಿರಲಿಲ್ಲ.

ಕ್ಷಣದಲ್ಲಿ ಅವರು ಇಂಗು ತಿಂದ ಮಂಗನ ಮುಖ ಹೊತ್ತು ಏಳನೇ ತರಗತಿಯ ಬಾಗಿಲಿಗೆ ಬಂದರು. “ಏನ್ರೀ ಇದು? ಬಂದು ಬಿಡಿಸ್ರೀ!”

ಟೀಚರ್ ಬಂದು ನೋಡಿದರು. ಒಬ್ಬ ಆಕಳಿಕೆಯ ನಡುವೆ ಕಲ್ಲಾಗಿದ್ದ. ಒಬ್ಬಳ ಮೂಗಿನಿಂದ ಸಿಂಬಳ ಇಳಿಯುತ್ತಿದ್ದರೂ ಅವಳು ಏರಿಸಿಕೊಳ್ಳುತ್ತಿರಲಿಲ್ಲ. ಒಂಟಿಕಾಲಿನವನ ಮೊಣಕಾಲು ನಡುಗುತ್ತಿತ್ತು. ವಕೀಲಮ್ಮ ಕಣ್ಣಗುಡ್ಡೆಯನ್ನೂ ಕದಲಿಸದೆ ನಿಂತಿದ್ದಳು. ಇನ್ನು ಇದು ತಮ್ಮ ತರಗತಿಯಲ್ಲದಿದ್ದರೂ ಸರಿ, ಎಂಥ ಪಡೆ ಕಟ್ಟಿದೆ ಎಂದು ಟೀಚರಿಗೆ ಎದೆ ಉಬ್ಬಿತು.

“ನಾನು ಬಿಡಿಸಿದ್ರೆ ಅವ್ರು ಒಪ್ಪಲ್ಲ ಸರ್. ಕಲ್ಲು ಮಾಡಿದವರು ನೀವು.”

“ಏನ್ ಮಾಡ್ಬೇಕು, ಹೇಳಿ ಸಾಯ್ರೀ!”

“ಕಪ್ಪೆ ಆಗ್ಬೇಕು ಸರ್.”

ಉಶ್ ಸರ್ ಟೀಚರನ್ನೊಮ್ಮೆ, ದೊಡ್ಡ ಮೇಡಮ್ಮನ್ನೊಮ್ಮೆ, ಒಂಟಿಕಾಲಿನವನನ್ನೊಮ್ಮೆ ನೋಡಿದರು. ದೊಡ್ಡ ಮೇಡಂ ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ, ಹತ್ತಿರದ ಕುರ್ಚಿಯಲ್ಲಿ ಆರಾಮಾಗಿ ಕೂತರು. “ಆಗಿ, ಆಗಿ. ಪಾಪ, ಆ ಹುಡುಗ ಬೀಳ್ತಾನೆ.”

ಆಗ ಆ ಶಾಲೆಯ ಇತಿಹಾಸದಲ್ಲಿ ಹಿಂದೆ ನಡೆಯದ ಘಟನೆ ನಡೆಯಿತು. ಮುಖ್ಯೋಪಾಧ್ಯಾಯರು ಪ್ಯಾಂಟಿನ ಮೊಣಕಾಲು ಮೇಲೆಳೆದುಕೊಂಡು ಸೊನ್ನೆಯಲ್ಲಿ ಕುಕ್ಕರಿಸಿದರು. “ವಟ್,” ಎಂದು ಹಾರಿದರು. ಜೇಬಿನಿಂದ ಪೆನ್ನು ಬಿತ್ತು. “ವಟ್.” ಕೀಲಿಗೊಂಚಲು ಬಿತ್ತು. ಇನ್ನೂ ಮೂರು ವಟ್ ಎಂದು ಏದುಸಿರು ಬಿಡುತ್ತ ನಿಂತರು.

“ಐದು!” ಎಂದು ಕೋಣೆ ಸಿಡಿಯಿತು. ಆಕಳಿಸುತ್ತಿದ್ದವನು ಆಕಳಿಕೆ ಮುಗಿಸಿದ, ಮೂಗಿನವಳು ಮೂಗೇರಿಸಿದಳು.

ದೊಡ್ಡ ಮೇಡಮ್ಮಿಗೆ ಈಗ ಹುರುಪು ಬಂದಿತ್ತು. “ಐದರಿಂದ ಎರಡು ಕಳೀರಿ ನೋಡೋಣ,” ಎಂದರು.

ಮೇಲಧಿಕಾರಿಯ ಅಪ್ಪಣೆ. ಉಶ್ ಸರ್ ಐದರ ಮನೆಯನ್ನು ಮುಟ್ಟಿ “ಒಂದು” ಎಂದರು, ಹಿಂದಕ್ಕೆ ಹಾರಿ “ಎರಡು” ಎಂದು ನಾಲ್ಕರಲ್ಲಿ ನಿಂತರು.

“ತಪ್ಪು! ತಪ್ಪು!” ಎಂದು ತರಗತಿಯೆಲ್ಲ ಅವರನ್ನು ಮುತ್ತಿತು. ವಕೀಲಮ್ಮ ಅವರ ತೋಳು ಹಿಡಿದು ವಾಪಸು ಐದಕ್ಕೆ ಎಳೆದಳು. “ಕೂತಿರೋ ಮನೆ ಎಣಿಸ್ಬಾರ್ದು ಸರ್! ಹಾರಿದ್ಮೇಲೆ ಒಂದು. ಅಳ್ಬೇಡಿ, ಮೊದ್ಲು ನನಗೂ ಹಂಗೇ ಆಗ್ತಿತ್ತು.”

ಅವರು ಮತ್ತೆ ಹಾರಿದರು. ಮೂರು. ಚಪ್ಪಾಳೆ.

ಹೊರಡುವಾಗ ದೊಡ್ಡ ಮೇಡಂ ಹೇಳಿದ್ದು ಇಷ್ಟೇ: “ಮಕ್ಕಳು ಚೆನ್ನಾಗಿ ಕಲ್ತಿದಾರೆ. ನಿಮಗೆ ಇನ್ನೂ ಸ್ವಲ್ಪ ಅಭ್ಯಾಸ ಬೇಕು.”

ಮರುದಿನ ಬೆಳಿಗ್ಗೆ ಉಶ್ ಸರ್ ಎಂದಿನಂತೆ ಒಂದನೇ ತರಗತಿಯ ಬಾಗಿಲಲ್ಲಿ ತೋರುಬೆರಳು ತೋರಿಸಿದ್ದೇ ತಡ, ಯಾರೂ ಹೇಳದೆಯೇ ಮಕ್ಕಳೆಲ್ಲ ಕಲ್ಲಾದರು. ಕಣ್ಣುಗಳು ಮಾತ್ರ ಆಸೆಯಿಂದ ಸೊನ್ನೆಯ ಮನೆಯ ಕಡೆ. ಡ್ರಿಲ್ ಮೇಷ್ಟ್ರು ಸೀಟಿ ಊದಿ ಊದಿ ಸೋತರು. ಉಶ್ ಸರ್ ಏಳನೇ ತರಗತಿಗೆ ಓಡಿದರು.

“ನಿಮ್ಮ ಮಕ್ಕಳನ್ನ ನೀವೇ ನೋಡ್ಕೊಳ್ರೀ!”

“ನಾನು ಏಳನೇ ತರಗತಿ ಅಲ್ವಾ ಸರ್?”

“ಯಾರ್ರೀ ಹಾಗಂದಿದ್ದು?”

ಗುಲ್ಲು ಟೀಚರ್ ಚೀಲ ಎತ್ತಿಕೊಂಡರು. ವಕೀಲಮ್ಮನೊಂದಿಗೆ ಬಹಳ ಹೊತ್ತು ಸಂಧಾನ ನಡೆಸಿ ಒಂದು ರಿಯಾಯಿತಿ ಕೊಡಿಸಿದರು: ಸರ್ ದೊಡ್ಡವರು, ಮಂಡಿ ನೋವಿದೆ, ಆದ್ದರಿಂದ ಅವರಿಗೆ ದಿನಕ್ಕೊಂದೇ ನೆಗೆತ ಸಾಕು.

ಈಗಲೂ ಬೆಳಗಿನ ಗಂಟೆ ಹೊಡೆದ ಮೇಲೆ ಉಶ್ ಸರ್ ಆ ಬಾಗಿಲ ಮುಂದೆ ನಿಂತು ವರಾಂಡದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ನುಸುಳುತ್ತಾರೆ. ಸಣ್ಣಗೆ “ವಟ್” ಎಂಬ ಸದ್ದು ಕೇಳುತ್ತದೆ. ಒಳಗಿನಿಂದ ಗೋಡೆ ಬಿರಿಯುವಂತೆ “ಒಂದು!”